ಮೇ ಎರಡನೇ ತಾರೀಖು

ಆಸ್ಪತ್ರೆಯ ದಾಖಲೆ ಕೋಣೆ,
ಮಾರ್ಚ್ ತಿಂಗಳ ಹತ್ತು, ಊಟದ ಬಿಡುವು

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಮೆಟ್ಟಿಲು ತಪ್ಪಿ ಬಿದ್ದಾಗ ಊದಿದ್ದ ಮೊಣಕೈ ಈಗ ಮಡಚಲು ಬರುತ್ತಿದೆಯೇ? ಅತ್ತಿಗೆ ಇದನ್ನು ಓದಿ ಹೇಳುವಾಗ ನಡುವೆ ಬಾಯಿ ಹಾಕದೆ ಕೇಳಿ, ಪಾಪ, ಅವರಿಗೂ ಮನೆಗೆಲಸವಿದೆ. ಪೊರೆ ಬಂದ ಕಣ್ಣಲ್ಲೇ ಅಣ್ಣನ ಕೈಗಡಿಯಾರ ಬಿಚ್ಚಿಕೊಂಡು ಕೂತಿದ್ದಿರಂತೆ. ಮೇ ಎರಡಕ್ಕೆ ಆಪರೇಷನ್ ಆಗುವವರೆಗೆ ಸುಮ್ಮನಿರಿ ಎಂದಿದ್ದೆನಲ್ಲ. ನನ್ನ ಮಾತು ನಿಮಗೆ ಯಾವತ್ತು ನಾಟಿದೆ!

ನನಗಂತೂ ಸಾಕುಸಾಕಾಗಿದೆ ಅಪ್ಪಾ. ಹೋದ ಸಲ ಬಂದಾಗ ನಿಮ್ಮ ಕಣ್ಣು ನೋಡಿದ ಆ ಸಣ್ಣ ಆಸ್ಪತ್ರೆ, ಔಷಧಿ ಅಂಗಡಿಯ ಮಹಡಿಯದು, ಜನವರಿಯಲ್ಲಿ ನಮ್ಮದರ ಜೊತೆ ಸೇರಿಹೋಯಿತು. ಅವರ ರೋಗಿಗಳ ಆಪರೇಷನ್ ತಾರೀಖಿನ ಪಟ್ಟಿಯನ್ನೆಲ್ಲ ನಮ್ಮ ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನ ತಲೆಗೆ ಬಿತ್ತು. ನಾವು ತಾರೀಖಿನಲ್ಲಿ ಮೊದಲು ದಿನ, ಆಮೇಲೆ ತಿಂಗಳು ಬರೆಯುತ್ತೇವೆ. ಅವರದು ಉಲ್ಟಾ. ಅದನ್ನು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಏರಿಸಿದ ದಿನ ಕಂಪ್ಯೂಟರು ಒಂದಷ್ಟು ಸಾಲುಗಳನ್ನು ವಾಪಸು ಉಗುಳಿತು, ಹದಿನೇಳನೇ ತಿಂಗಳನ್ನು ಎಲ್ಲಿಂದ ತರಲಿ ಎಂಬುದು ಅದರ ತಕರಾರು. ಆಗಲೇ ನನಗೆ ಬುದ್ಧಿ ಬರಬೇಕಿತ್ತು. ಅಲ್ಲಿನ ಗುಮಾಸ್ತನ ಕೈತಪ್ಪು ಎಂದುಕೊಂಡು, ಅಷ್ಟನ್ನು ಮಾತ್ರ ತಿರುಗಿಸಿ ಹಾಕಿ ಮನೆಗೆ ಹೋದೆ. ಹನ್ನೆರಡರೊಳಗಿನ ದಿನಗಳೆಲ್ಲ ಚಕಾರವೆತ್ತದೆ ಒಳಗೆ ಹೋಗಿ, ಬೇರೆ ತಿಂಗಳಲ್ಲಿ ಕೂತುಬಿಟ್ಟಿದ್ದವು. ಆ ಪಟ್ಟಿ ನೋಡಿಯೇ ನಾವು ರೋಗಿಗಳಿಗೆ ತಾರೀಖು ಹೇಳಿ ಕರೆಸುವುದು.

ಹೋದ ವಾರ ವಾರ್ಡಿನ ಹಿರಿಯ ನರ್ಸ್ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು, "ಹೋದ ತಿಂಗಳೂ ಮೊದಲೆರಡು ವಾರ ಮಂಚ ಖಾಲಿ, ಈ ತಿಂಗಳೂ ಖಾಲಿ. ಪೇಷಂಟ್‌ಗಳನ್ನೆಲ್ಲ ನಿನ್ನ ಕಂಪ್ಯೂಟ್ರು ನುಂಗ್ತೇನಮ್ಮಾ?" ಎಂದರು. ಅವತ್ತಿನಿಂದ ಕಬ್ಬಿಣದ ಕಪಾಟಿನ ಹಳೆಯ ಕಾರ್ಡುಗಳನ್ನು ಒಂದೊಂದಾಗಿ ಎಳೆದು ತಾಳೆ ನೋಡುತ್ತಿದ್ದೇನೆ. ಮೂಗಿನ ತುಂಬಾ ಧೂಳು, ಸೊಂಟ ಹಿಡಿದುಕೊಂಡಿದೆ. ಏಪ್ರಿಲ್ ನಾಲ್ಕಕ್ಕೆ ಬರಬೇಕಾದ ಒಬ್ಬ ಪುಣ್ಯಾತ್ಮ ಮಾತ್ರ ಹಿಂದೆ ಮುಂದೆ ಹೇಗೆ ಓದಿದರೂ ಸರಿಯಾಗಿದ್ದಾನೆ. ಉಳಿದವರಿಗೆಲ್ಲ ಫೋನು ಮಾಡಿ ಬೈಗುಳ ತಿನ್ನುತ್ತಿದ್ದೇನೆ. ಒಬ್ಬ ದರ್ಜಿಯಂತೂ ಬಯ್ಯಲೂ ಇಲ್ಲ. "ಕರೀತೀರಿ ಅಂತ ಕಾದೆ, ಆಮೇಲೆ ಸೂಜಿ ಪೋಣಿಸೋದೇ ಬಿಟ್ಬಿಟ್ಟೆ" ಎಂದರು. ಅದು ಬೈಗುಳಕ್ಕಿಂತ ಜಾಸ್ತಿ ನೋಯಿಸಿತು.

ನೀವು ರಿಪೇರಿ ಮಾಡಿದ ಗಡಿಯಾರದ ಹಿಂಬದಿಯ ಮುಚ್ಚಳದೊಳಗೆ ಸೂಜಿಮೊನೆಯಿಂದ ತಾರೀಖು ಕೊರೆಯುತ್ತಿದ್ದಿರಲ್ಲ, ತಿಂಗಳನ್ನು ಯಾವಾಗಲೂ ಅಕ್ಷರದಲ್ಲೇ. ಅಷ್ಟು ಚಿಕ್ಕ ಜಾಗದಲ್ಲಿ ಯಾಕೆ ಇಷ್ಟು ಒದ್ದಾಟ ಎಂದು ನಾನು ನಗುತ್ತಿದ್ದೆ. "ನಾಳೆ ಇನ್ನೊಬ್ಬ ಬಿಚ್ಚಿದಾಗ ಅವನಿಗೂ ಗೊತ್ತಾಗ್ಬೇಕಲ್ಲೇ, ಗಡಿಬಿಡಿ" ಎನ್ನುತ್ತಿದ್ದಿರಿ. ಇವತ್ತಿನಿಂದ ನಮ್ಮ ಕಾರ್ಡು, ಪರದೆ ಎರಡರಲ್ಲೂ ತಿಂಗಳು ಅಕ್ಷರದಲ್ಲೇ ಇರಬೇಕು ಎಂದು ಮಾಡಿಸಿದ್ದೇನೆ. ಇದು ನಮ್ಮಪ್ಪನ ಪದ್ಧತಿ ಎಂದು ಯಾರಿಗೂ ಹೇಳಲಿಲ್ಲ, ಹೇಳಲು ಮುಖವಿರಲಿಲ್ಲ.

ಅಣ್ಣ, ಅತ್ತಿಗೆಗೆ ನನ್ನ ನೆನಪುಗಳು. ನಿಮ್ಮ ಕಾಲಿಗೆ ಬೀಳುತ್ತಿದ್ದೇನೆ, ಒಳ್ಳೆಯ ಮಾತು ಹೇಳಿ.

ನಿಮ್ಮ
ಗಡಿಬಿಡಿ

ಮರೆತ ಮಾತು: ಮರೆತಿಲ್ಲ ಅಪ್ಪಾ, ಫೋನಿನಲ್ಲಿ ಮೂರು ಸಲ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ನಿನ್ನೆ ನಿಮ್ಮ ಕಾರ್ಡನ್ನೂ ಮತ್ತೊಮ್ಮೆ ತೆಗೆದು ನೋಡಿದೆ. ನಿಮ್ಮ ಆಪರೇಷನ್ ಇದ್ದದ್ದು ಮೇ ಎರಡಕ್ಕಲ್ಲ, ಫೆಬ್ರವರಿ ಐದಕ್ಕೆ. ನೀವು ಮೆಟ್ಟಿಲು ಕಾಣದೆ ಬಿದ್ದದ್ದು ಫೆಬ್ರವರಿ ಇಪ್ಪತ್ತಕ್ಕೆ. ನೀವು ಎಡವಿದ್ದಲ್ಲ, ನಾನೇ ತಳ್ಳಿದ ಹಾಗಾಯಿತು. ಡಾಕ್ಟರನ್ನು ಕಾಡಿ ಬೇಡಿ ಮಾರ್ಚ್ ತಿಂಗಳ ಇಪ್ಪತ್ತೈದು ಗೊತ್ತು ಮಾಡಿಸಿದ್ದೇನೆ, ಹಿಂದಿನ ದಿನವೇ ಅಣ್ಣನ ಜೊತೆ ಬನ್ನಿ. ಅಲ್ಲಿಯವರೆಗೆ ಬಯ್ಯಬೇಡಿ. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ನನ್ನ ಮುಖ ನೋಡಿಕೊಂಡು ಬಯ್ಯಿರಿ.