ನಿಮ್ಮ ಪಾಲಿನ ಮೊಟ್ಟೆ

ಹೆರಿಗೆ ಆಸ್ಪತ್ರೆ, ಮೂರನೇ ಮಹಡಿ, ಕಿಟಕಿ ಪಕ್ಕದ ಮಂಚ
ಮಾರ್ಚ್ ೧೨, ಬೆಳಗ್ಗೆ

ಅಪ್ಪನಿಗೆ,

'ಪ್ರೀತಿಯ' ಎಂದು ಮೊದಲು ಬರೆದಿದ್ದೆ, ಕೈ ಒಪ್ಪಲಿಲ್ಲ, ಹಾಳೆ ಬದಲಾಯಿಸಿದೆ. ನಿಮ್ಮ ಮಂಡಿನೋವು ಹೇಗಿದೆ? ಹೊಸ ಕನ್ನಡಕ ಮಾಡಿಸಿದಿರಾ? ಮಾಡಿಸಿರದಿದ್ದರೆ ಇದನ್ನು ಪುಟ್ಟಿಯ ಕೈಲಿ ಓದಿಸಿಕೊಳ್ಳಿ, ಗಟ್ಟಿಯಾಗಿ ಓದಲಿ. ನಾನು ಬದುಕಿದ್ದೇನೆ. ಮಗು ಚೆನ್ನಾಗಿದೆ. ಹೆಣ್ಣು, ಮೂಗು ನಿಮ್ಮದೇ. ಅದಕ್ಕೆ ನಾನೇನೂ ಮಾಡುವಂತಿಲ್ಲ.

ಹೆರಿಗೆಯಾದ ಐದನೇ ದಿನ ನಾನು ಮಗುವನ್ನು ನೋಡಿ ಇದು ಯಾರದು ಎಂದು ಕೇಳಿದೆನಂತೆ. ಅದಕ್ಕೆ ಮೊದಲು ವಾಂತಿ, ಆಮೇಲೆ ತೊದಲು, ಆಮೇಲೆ ಎಚ್ಚರವಾಗದ ನಿದ್ದೆ. ನಿಮ್ಮ ಅಳಿಯ ಗಾಬರಿಯಾಗಿ ನಿಮಗೆ ಫೋನ್ ಮಾಡಿ, ಇವಳಿಗೆ ಹಿಂದೆ ಹೀಗೆ ಆಗಿತ್ತಾ ಎಂದು ಕೇಳಿದರು. ನೀವು ಕೊಟ್ಟ ಉತ್ತರವನ್ನು ಒಂದಕ್ಷರ ಬಿಡದೆ ನನಗೆ ಒಪ್ಪಿಸಿದ್ದಾರೆ: "ಚಿಕ್ಕವಳಿದ್ದಾಗಿಂದ ಇದೇ ನಾಟಕ ಅವಳದು. ಮುಖಕ್ಕೆ ತಣ್ಣೀರು ಹೊಡೀರಿ, ಎದ್ದು ಕೂತ್ಕೋತಾಳೆ." ಪಾಪ, ಹೊಡೆದರು. ನಿಮ್ಮ ಮಾತು ನಂಬಿ ಒಂದಿಡೀ ಹಗಲು ಕಾದರು. ಸಂಜೆ ಆಸ್ಪತ್ರೆಗೆ ಹೊತ್ತು ತಂದಾಗ ಇಲ್ಲಿಯೂ ಬಾಣಂತಿಯ ಮನಸ್ಸು ಕೆಟ್ಟಿದೆ ಎಂದೇ ಬರೆದುಕೊಂಡರು. ಒಬ್ಬ ಡಾಕ್ಟರಮ್ಮ ಮಾತ್ರ ರಕ್ತದಲ್ಲಿ ಅಮೋನಿಯಾ ಎಷ್ಟಿದೆ ನೋಡೋಣ ಎಂದರು. ಇರಬೇಕಾದದ್ದರ ಎಂಟು ಪಟ್ಟು ಇತ್ತು. ಆ ಒಂದು ಹಗಲು ನಾನು ನಿಮ್ಮ ಲೆಕ್ಕದಲ್ಲಿ ನಾಟಕ ಆಡುತ್ತಿದ್ದೆ, ಅಪ್ಪ, ನಿಜದಲ್ಲಿ ಸಾಯುತ್ತಿದ್ದೆ.

ಅಮೋನಿಯಾ ಎಂದು ಕೇಳಿದಾಗ ಮೂಗಿಗೆ ನಳಿಕೆ ಹಾಕಿಕೊಂಡೇ ನಕ್ಕೆ. ಐಸ್ ಫ್ಯಾಕ್ಟರಿಯ ಪೈಪುಗಳಲ್ಲಿ ನೀರು ಹೆಪ್ಪುಗಟ್ಟಿಸಲು ಹರಿಯುವ ಅದೇ ಅನಿಲವನ್ನು ತಾನೇ ಮೂವತ್ತು ವರ್ಷ ನೀವು ಕಾದದ್ದು. ಭಾನುವಾರ ನನ್ನನ್ನು ಕರೆದುಕೊಂಡು ಹೋಗಿ ತೋರಿಸುತ್ತಿದ್ದಿರಿ: ಗಂಧಕದ ಕಡ್ಡಿ ಹಚ್ಚಿ ಪೈಪಿನ ಒಂದೊಂದು ಬೆಸುಗೆಗೂ ಹಿಡಿಯುವುದು, ಎಲ್ಲಿ ಬಿಳಿ ಹೊಗೆ ಏಳುತ್ತದೋ ಅಲ್ಲಿ ಸೋರಿಕೆ. ಕೂದಲೆಳೆಯಷ್ಟು ಸೋರಿದರೂ ನಿಮ್ಮ ಕಣ್ಣಿಗೆ ತಪ್ಪುತ್ತಿರಲಿಲ್ಲ. ಮಾಲೀಕರು ಎಲ್ಲರೆದುರು ಬೆನ್ನು ತಟ್ಟುತ್ತಿದ್ದರು. ಮನೆಗೆ ಬಂದು ನನ್ನ ಕಡೆ ಮಾತ್ರ ನೀವು ಒಂದು ದಿನವೂ ನೆಟ್ಟಗೆ ನೋಡಲಿಲ್ಲ.

ಡಾಕ್ಟರಮ್ಮ ಬಿಡಿಸಿ ಹೇಳಿದರು. ಮೊಟ್ಟೆ, ಬೇಳೆ, ಹಾಲು ಮೈಯಲ್ಲಿ ಅರಗುವಾಗ ಎಲ್ಲರಲ್ಲೂ ಅಮೋನಿಯಾ ಹುಟ್ಟುತ್ತದೆ. ಅದು ಮಿದುಳಿಗೆ ವಿಷ. ಯಕೃತ್ತಿನಲ್ಲಿ ಕೆಲವು ಕಿಣ್ವಗಳು ಸಾಲಾಗಿ ನಿಂತು, ಕೈಯಿಂದ ಕೈಗೆ ದಾಟಿಸಿದ ಹಾಗೆ ಅದನ್ನು ಬದಲಾಯಿಸುತ್ತ ಹೋಗಿ ಯೂರಿಯಾ ಮಾಡಿ, ಮೂತ್ರದಲ್ಲಿ ಹೊರಗೆ ಕಳಿಸುತ್ತವೆ. ನನ್ನಲ್ಲಿ ಆ ಸಾಲಿನ ಒಂದು ಕಿಣ್ವ ಅರೆಬರೆ ಕೆಲಸ ಮಾಡುತ್ತದೆ, ಹುಟ್ಟಿನಿಂದಲೇ. ಮಾಮೂಲಿ ದಿನಗಳಲ್ಲಿ ಹೇಗೋ ಸಂಭಾಳಿಸುತ್ತದೆ. ಹೆರಿಗೆಯಾಗಿ ಮೈ ಸೋತಾಗ, ಅಥವಾ ತಟ್ಟೆಗೆ ಎರಡೆರಡು ಮೊಟ್ಟೆ ಬಿದ್ದಾಗ, ಕೈಚೆಲ್ಲಿ ಕೂರುತ್ತದೆ.

ಎರಡೆರಡು ಮೊಟ್ಟೆ. ನೆನಪಿದೆಯಲ್ಲ? ಬೆಳಗ್ಗೆ ತಲೆಗೊಂದು ಬೇಯಿಸಿದ ಮೊಟ್ಟೆ. ನೀವು ನಿಮ್ಮದನ್ನು ಚಮಚದ ಬೆನ್ನಿನಿಂದ ಮೆಲ್ಲಗೆ ನನ್ನ ತಟ್ಟೆಗೆ ಉರುಳಿಸುತ್ತಿದ್ದಿರಿ. ಅಮ್ಮ ಬದುಕಿರುವವರೆಗೂ ಹೇಳಿದ್ದೇ ಹೇಳಿದ್ದು, "ನೋಡೇ, ಅಪ್ಪ ತನ್ನ ಬಾಯಿದನ್ನ ತೆಗೆದು ನಿನಗಿಡ್ತಾರೆ." ಬಂದ ನೆಂಟರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರು. ಶಾಲೆಗೆ ಹೋಗುವಷ್ಟರಲ್ಲಿ ನನಗೆ ತಲೆ ಸಿಡಿದು ವಾಂತಿಯಾದರೆ, ಅನ್ನಕ್ಕೆ ಬೆಲೆ ಗೊತ್ತಿಲ್ಲ ಎಂದು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದಿರಿ. ನಾಟಕದ ರಾಣಿ ಎಂದು ಹೆಸರಿಟ್ಟವರೂ ನೀವೇ. ತಂಗಿ ಪುಟ್ಟಿ ಜಾಣೆ, ತನ್ನ ಪಾಲನ್ನು ಮೇಜಿನ ಕೆಳಗೆ ಬೆಕ್ಕಿಗೆ ಹಾಕುತ್ತಿದ್ದಳು. ಆ ಬೆಕ್ಕು ಕಿಟಕಿಯ ಸರಳಿನಲ್ಲಿ ತೂರಲಾರದಷ್ಟು ದಪ್ಪಗಾಗಿತ್ತು.

ಮನೆಯಲ್ಲಿ ಇನ್ನು ಯಾರಿಗಾದರೂ ಮೊಟ್ಟೆ, ಬೇಳೆ ಆಗುತ್ತಿರಲಿಲ್ಲವಾ ಎಂದು ಡಾಕ್ಟರಮ್ಮ ಕೇಳಿದಾಗ ನಾನು ಯೋಚಿಸಲೂ ಇಲ್ಲ, ಅಪ್ಪನಿಗೆ ಎಂದೆ. ಮಾಲೀಕರ ಮನೆ ಊಟದಲ್ಲಿ ಅವರ ಬಲವಂತಕ್ಕೆ ನೀವು ಮೂರು ಮೊಟ್ಟೆ ತಿಂದು ಬಂದು, ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಎರಡು ದಿನ ಗೋಡೆ ಕಡೆ ತಿರುಗಿ ಮಲಗಿದ್ದಿರಿ. ಬಿಸಿಲು ಬಡಿದಿದೆ ಎಂದಿರಿ. ಕಿಣ್ವದ ಹೆಸರು ನಿಮಗೆ ಗೊತ್ತಿರಲಿಲ್ಲ, ಆಗ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಮೊಟ್ಟೆ ತಿಂದರೆ ತಲೆ ಸಿಡಿಯುತ್ತದೆ ಎಂದು ಗೊತ್ತಿತ್ತು. ನಿಮಗೆ ಬಂದರೆ ಬಿಸಿಲು, ನನಗೆ ಬಂದರೆ ನಾಟಕ. ನಿಮ್ಮನ್ನು ಮೇಜಿನ ಮುಂದೆ ಕೂರಿಸಿ, ನನ್ನ ಪಾಲಿನ ಮೊಟ್ಟೆಯನ್ನು ಚಮಚದ ಬೆನ್ನಿನಿಂದ ನಿಮ್ಮ ತಟ್ಟೆಗೆ ಉರುಳಿಸಿ, ಮುಗಿಯುವವರೆಗೂ ಎದುರಿಗೆ ನಿಂತು ನೋಡಬೇಕು ಎಂದು ಈ ಮಂಚದ ಮೇಲೆ ಎಷ್ಟು ಸಲ ಅಂದುಕೊಂಡಿದ್ದೇನೋ. ಹಾಗೆ ಅಂದುಕೊಂಡಾಗಲೆಲ್ಲ ಹಾಯೆನಿಸಿದೆ, ಸುಳ್ಳು ಹೇಳುವುದಿಲ್ಲ.

ನಿಮ್ಮ ಅಳಿಯ ನಮಸ್ಕಾರ ತಿಳಿಸಿದ್ದಾರೆ. ನನ್ನದನ್ನು ಸದ್ಯಕ್ಕೆ ನಾನೇ ಇಟ್ಟುಕೊಂಡಿದ್ದೇನೆ. ಮಂಡಿ ಜೋಪಾನ.

ಇಂತು,
ನಾಟಕದ ರಾಣಿ

ವಿ.ಸೂ.: ನರ್ಸಮ್ಮ ಮಗುವನ್ನು ಕೈಗೆ ಕೊಡಲು ಬಂದು ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಪುಟ್ಟಿಯ ಹೆರಿಗೆಗೆ ಇರುವುದು ಎರಡು ವಾರ. ಈ ದೋಷ ಅಪ್ಪನಿಂದ ಬಂದಿದ್ದರೆ ಹೆಣ್ಣುಮಕ್ಕಳಲ್ಲಿ ಒಬ್ಬರಿಗೂ ತಪ್ಪುವುದಿಲ್ಲವಂತೆ. ಹಾಗಾದರೆ ಐದನೇ ದಿನ ಅವಳೂ ನನ್ನ ಹಾಗೆ ಮಲಗಬಹುದು. ಗಂಡುಮಗುವಾಗಿ ಅದಕ್ಕೂ ದಾಟಿದ್ದರೆ ಮೊದಲ ಗಳಿಗೆಯಿಂದಲೇ ಕಾಯಬೇಕು. ಈ ದೋಷ ಪತ್ತೆಹಚ್ಚುವ ಪರೀಕ್ಷೆಯ ಫಲಿತಾಂಶಕ್ಕೆ ಮೂರು ವಾರ ಬೇಕು. ಅಷ್ಟು ಸಮಯ ಇಲ್ಲ, ನಿಮ್ಮ ಬಾಯಿಮಾತೊಂದೇ ಇರುವುದು. ನಿನ್ನೆ ಫೋನಿನಲ್ಲಿ ಹೇಳಿದರೆ ಪುಟ್ಟಿ ನಂಬಲಿಲ್ಲ. "ಅಪ್ಪಂಗೆ ಏನೂ ಇಲ್ಲ ಅಕ್ಕ, ನಮಗೋಸ್ಕರ ಬಿಟ್ಟಿದ್ದು ಅವರು," ಅಂದಳು. ಗುರುವಾರ ಅವಳನ್ನು ತೋರಿಸಲು ನೀವೇ ಕರೆದುಕೊಂಡು ಹೋಗುತ್ತೀರಲ್ಲ, ಆಗ ಡಾಕ್ಟರ ಮುಂದೆ ಕೂತು ಹೇಳಿ: ನನಗೆ ಮೊಟ್ಟೆ ಆಗುತ್ತಿರಲಿಲ್ಲ, ಅದಕ್ಕೇ ದೊಡ್ಡವಳ ತಟ್ಟೆಗೆ ಹಾಕುತ್ತಿದ್ದೆ ಎಂದು. ಪುಟ್ಟಿ ಪಕ್ಕದ ಕುರ್ಚಿಯಲ್ಲೇ ಇರಲಿ, ಕೇಳಿಸಿಕೊಳ್ಳಲಿ. ನನ್ನ ಸೇಡು ಅಷ್ಟಕ್ಕೆ ತೀರುತ್ತದೆ.