ಬಾಲಲೇಖಕಿಯ ಭಾನುವಾರ

ಸಿರುಗುಪ್ಪ
ಸೋಮವಾರ, 17 ನವೆಂಬರ್ 2025

ಮಗಳು ಶ್ರೀವಲ್ಲಿಯ ತೀರ್ಥರೂಪರೂ, ಬೇರೆ ಮನೆ ಮಾಡಿದ ಮೇಲೆ ನನ್ನ ಪಾಲಿಗೆ ಬರೀ ಜಯತೀರ್ಥರೂ ಆದ ನಿಮಗೆ ರಾಧೆಯ ನಮಸ್ಕಾರ.

ಫೋನ್ ಮಾಡಿದರೆ ನೀವು ಸ್ಪೀಕರ್ ಹಾಕಿ ಪ್ರಕಾಶಕ ಎರ್ರಣ್ಣನವರಿಗೂ ಕೇಳಿಸುತ್ತೀರಿ. ಅದಕ್ಕೇ ಈ ಕಾಗದ. ಬೆಳಗಿನಿಂದ ಬರೆದೆ, ಹರಿದೆ, ಮತ್ತೆ ಬರೆದೆ. ಒಲೆಯ ಮೇಲೆ ಹಾಲು ಉಕ್ಕಿತು; ಅದಕ್ಕಿಂತ ಮೊದಲೇ ನಾನು ಉಕ್ಕಿದ್ದೆ.

ಭಾನುವಾರ ಬಳ್ಳಾರಿಯಲ್ಲಿ ಮಗಳ ಎರಡನೆಯ ಪುಸ್ತಕದ ಬಿಡುಗಡೆ, ಕಾರು ಕಳಿಸುತ್ತೇನೆ, ರೇಷ್ಮೆ ಲಂಗ ಉಡಿಸಿ ಕೂರಿಸು ಎಂದಿದ್ದೀರಿ. ಪುಸ್ತಕಕ್ಕೇನೋ ಬಿಡುಗಡೆ ಸಿಗುತ್ತದೆ, ಮಗಳಿಗೆ ಯಾವಾಗ?

ಮೊದಲನೆಯದನ್ನು ಅವಳು ತಾನಾಗಿ ಬರೆದಳು, ಒಪ್ಪಿದೆ. ಹಳೇ ಕ್ಯಾಲೆಂಡರ್ ಹಾಳೆಗಳ ಹಿಂದೆ ಅಳಿಲಿನ ಕಥೆ ಬರೆದು ತಾನೇ ನಗುತ್ತಿದ್ದಳು. ಆಮೇಲೆ ನೀವೂ ಎರ್ರಣ್ಣನವರೂ ಅವಳನ್ನು ಅವಳ ಶಾಲೆಯೊಂದನ್ನು ಬಿಟ್ಟು ಜಿಲ್ಲೆಯ ಎಲ್ಲ ಶಾಲೆಗಳಿಗೂ ಕರೆದೊಯ್ದಿರಿ. ಕುರುಗೋಡಿನಲ್ಲಿ ಜ್ವರದ ಮಗು ಮಧ್ಯಾಹ್ನದವರೆಗೂ ನಿಂತು ಪುಸ್ತಕಗಳಿಗೆ ಸಹಿ ಹಾಕಿತು. ಅಲ್ಲಿಯ ಹುಡುಗಿಯೊಬ್ಬಳು "ಆಡಾಕ ಬರ್ತೀಯೇನ್ಲೇ?" ಎಂದು ಕರೆದರೆ ನಮ್ಮವಳು "ನನ್ನ ಕೃತಿಯನ್ನು ಓದಿ ಹರಸಿ" ಎಂದಳಂತೆ. ಇದನ್ನು ಹೇಳುತ್ತ ನೀವು ನಕ್ಕಿರಿ.

ಈಗ ಪೆನ್ನು ಕಂಡರೆ ಅವಳ ಮುಖ ಬಾಡುತ್ತದೆ. ಹನ್ನೆರಡು ತುಂಬುವುದರೊಳಗೆ ಐದು ಪುಸ್ತಕ ಬಂದರೆ ದಾಖಲೆ ಎಂದು ಎರ್ರಣ್ಣನವರು ತಲೆಗೆ ತುಂಬಿದ್ದಾರಲ್ಲ, "ಹನ್ನೆರಡು ತುಂಬಿದ ಮ್ಯಾಲೆ ಬರೀದಿದ್ರ ನಡೀತದೇನಮ್ಮಾ?" ಎಂದು ಕೇಳುತ್ತಾಳೆ.

ವಕೀಲ ವಿರೂಪಾಕ್ಷಿಯವರ ಬಳಿ ಹೋಗಿದ್ದೆ. "ಅಕ್ಕಾರ, ಮಗು ಸಿನಿಮಾದಾಗ ಕುಣಿದ್ರ ಕಾಯ್ದೆ ಐತಿ, ಎಷ್ಟು ತಾಸು ಅಂತ ಕೇಳ್ತೈತಿ. ಗ್ಯಾರೇಜಿನಾಗ ಸ್ಪಾನರ್ ಹಿಡಿದ್ರೂ ಐತಿ. ತಾನು ಬರೆದ ಪುಸ್ತಕ ಹಿಡ್ಕೊಂಡು ನಿಂತ್ರ ಅದು ಕೆಲಸಾನ ಅಲ್ಲಂತ್ರಿ, ಪ್ರತಿಭೆ!" ಎಂದರು. ಇನ್ನು ಎರ್ರಣ್ಣನವರ ಜೊತೆಗಿನ ಒಪ್ಪಂದಕ್ಕೆ ನಿಮ್ಮ ಸಹಿಯೊಂದೇ ಸಾಕಂತೆ. ಮಗುವಿನ ಪೋಷಕರು ಯಾರೆನ್ನುವ ಕಾಯ್ದೆಯ ಸಾಲಿನಲ್ಲಿ ತಂದೆ ಮೊದಲು, ‘ಆತನ ನಂತರ’ ತಾಯಿ. ಕೋರ್ಟಿನಲ್ಲಿ ವಾದಿಸಬಹುದು, ಆದರೆ "ತೀರ್ಪು ಬರೋದ್ರಾಗ ನಿಮ್ಮ ಬಾಲಲೇಖಕಿಗೇ ಬಾಲಕರು ಹುಟ್ಟಿರ್ತಾರ" ಎಂದರು. ನ್ಯಾಯದೇವತೆಯ ಕಣ್ಣಿಗೆ ಬಟ್ಟೆ ಕಟ್ಟಿದ್ದು ಸರಿ, ತೂತು ಮಾತ್ರ ಬೇಕಾದವರಿಗೆ ಬೇಕಾದಲ್ಲಿ ಬಿಟ್ಟಿದ್ದಾರೆ.

ಎರಡನೆಯ ಪುಸ್ತಕ ಓದಿ ನೀವು ಕುಣಿದಾಡಿದಿರಿ. ಓದದೆಯೇ ಎಲ್ಲದಕ್ಕೂ ಸಹಿ ಹಾಕುವ ಕತ್ತೆಯ ಕಥೆಗೆ ಬಿದ್ದು ಬಿದ್ದು ನಕ್ಕು, ಇಂಥ ಹಾಸ್ಯ ನನ್ನ ರಕ್ತದಿಂದಲೇ ಬಂದದ್ದು ಎಂದಿರಿ.

ಕಾರು ಕಳಿಸಬೇಡಿ. ಕಳಿಸಿದರೆ ಡ್ರೈವರಿಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನಿಸಿ ಕಾರನ್ನು ಖಾಲಿಯಾಗಿ ತಿರುಗಿಸುತ್ತೇನೆ. ಭಾನುವಾರ ಅವಳು ಪಕ್ಕದ ಮನೆಯ ಹುಡುಗಿಯ ಜೊತೆ ಕುಂಟೆಬಿಲ್ಲೆ ಆಡುವವಳಿದ್ದಾಳೆ. ನೀವು ಬರೀ ಅಪ್ಪನಾಗಿ ಬರುವುದಾದರೆ ಬನ್ನಿ. ಎರ್ರಣ್ಣನವರ ಕ್ಯಾಮೆರಾ ಬಳ್ಳಾರಿಯಲ್ಲೇ ಇರಲಿ.

ಇಂತಿ,
ಕಾಯ್ದೆಯ ಪ್ರಕಾರ ನಿಮ್ಮ ನಂತರದವಳಾದ
ರಾಧಾ

ತಾ.ಕ.: ಆ ಕತ್ತೆಯ ಕಥೆ ನಾನು ಬರೆದದ್ದು. ಆ ಪುಸ್ತಕದ ಉಳಿದ ಕಥೆಗಳೂ ನನ್ನವೇ. ಖಾಲಿ ಹಾಳೆಯ ಮುಂದೆ ಮಗು ಅಳುತ್ತ ಕೂತಾಗ ಬರೆದುಕೊಟ್ಟೆ, ಅವಳು ನಕಲು ಮಾಡಿದಳು. ಅನುಮಾನವಿದ್ದರೆ ಕತ್ತೆಯನ್ನು ಇನ್ನೊಮ್ಮೆ ಓದಿ; ಮಗುವಿಗೆ ನಿಮ್ಮ ಪರಿಚಯ ಅಷ್ಟಿಲ್ಲ. ಇದನ್ನು ಕೇಳಿದ್ದೇ ವಿರೂಪಾಕ್ಷಿಯವರು ಕುರ್ಚಿಯಿಂದ ಎದ್ದುಬಿಟ್ಟರು: "ಮೊದ್ಲ ಹೇಳಬಾರದೇನ್ರೀ ಅಕ್ಕಾರ!" ಹನ್ನೊಂದರ ಮಗಳನ್ನು ಕಾಯದ ಕಾಯ್ದೆ, ನಲವತ್ತರ ನನ್ನನ್ನು ಕಾಯುತ್ತದಂತೆ. ನನ್ನ ಕಥೆ ಮಾರಲು ನನ್ನ ಸಹಿ ಬೇಕು, ನಾನು ಹಾಕುವುದಿಲ್ಲ. ಎರ್ರಣ್ಣನವರಿಗೆ ಇಷ್ಟನ್ನು ಓದಿ ಹೇಳಿ; ಸ್ಪೀಕರ್ ಬೇಕಾಗಲಿಕ್ಕಿಲ್ಲ.