ಟ್ರೌಟ್ ಮೀನು, ಸೂಪರ್ ಮಾರ್ಕೆಟ್ ಸೇಬು

ಕಮಲಾಪುರ
19 ಜನವರಿ 2025

ನನ್ನ ಐಶೂ,

ಮೊದಲು ಅವ್ವನ ಆಶೀರ್ವಾದ, ಬೈಗುಳ ಆಮೇಲೆ. ಯಶವಂತನ ಮದುವೆಗೆ ಬರುವುದಿಲ್ಲವೆಂದು ಫೋನಿಟ್ಟೆಯಲ್ಲ, ಅಣ್ಣನ ಮದುವೆ ವರ್ಷಕ್ಕೊಮ್ಮೆ ಬರುತ್ತದೆಯೇ? ಬಂದರೆ ಎಲ್ಲರೆದುರು ಸುಳ್ಳು ಹೇಳಬೇಕು ಅಂದೆ. ಆ ಸುಳ್ಳಿಗೆ ಏನಾಯಿತೆಂದು ಕೇಳು.

ನೀನು ಹಿಮಾಚಲದಲ್ಲಿ ಟ್ರೌಟ್ ಮೀನಿನ ಮರಿ ಮಾಡುವ ಕೆಲಸಕ್ಕೆ ಸೇರಿದಾಗ, ಲಿಂಗ ಕಟ್ಟಿದ ಮನೆಯ ಮರ್ಯಾದೆ ಹೋಗುತ್ತದೆ, ಮುಚ್ಚಿಡಬೇಕು ಎಂದು ನಿನ್ನ ಅಪ್ಪ ಹೇಳಿದ್ದಾರೆಂದು ನಾನು ನಿನಗೆ ತಿಳಿಸಿದ್ದೆ. ಅಂದಿನಿಂದ ನೀನು ಅವರೊಡನೆ ಮಾತು ಬಿಟ್ಟೆ. ನಾನು ನೆಂಟರಿಗೆಲ್ಲ ನೀನು ಸೇಬಿನ ತೋಟದ ಆಫೀಸಿನಲ್ಲಿದ್ದೀಯ ಎಂದೆ. ನಿನ್ನ ಸೋದರತ್ತೆ ಶಂಕ್ರಮ್ಮ ಬಿಡುವವರೇ? ತೋಟದ ಸೇಬೆಲ್ಲಿ ಎಂದು ಗಂಟುಬಿದ್ದರು. ಕಲಬುರಗಿಯ ಸೂಪರ್ ಮಾರ್ಕೆಟ್ಟಿನಿಂದ ಒಂದು ಪೆಟ್ಟಿಗೆ ತಂದು, ಒಂದೊಂದು ಹಣ್ಣಿನ ಚೀಟಿಯನ್ನೂ ಉಗುರಿನಿಂದ ಕಿತ್ತು, ಮಗಳು ಕಳಿಸಿದ್ದೆಂದು ಹಂಚಿದೆ. ಎರಡು ವರ್ಷ ಇದೇ ಆಯಿತು. ಸುಪ್ಪರಾಗಿವೆ ಎಂದು ಹೊಗಳಿದರು ಬೇರೆ!

ಮೊನ್ನೆ ಲಗ್ನಪತ್ರಿಕೆ ಕೊಡಲು ಸೇಡಂ ರಸ್ತೆಯ ಅವರ ಮನೆಗೆ ಹೋಗಿದ್ದೆವು. ಮನೆ ತುಂಬ ಮಂದಿ. ಐಶೂ ಬರುವಾಗ ಬೀಗರಿಗೂ ಒಂದು ಪೆಟ್ಟಿಗೆ ತರಲಿ ಎಂದರು ಶಂಕ್ರಮ್ಮ. ನಾನು ಹೂಂ ಅನ್ನುವಷ್ಟರಲ್ಲಿ ನಿನ್ನ ಅಪ್ಪ ಚಹಾ ಕೆಳಗಿಟ್ಟು, "ಅಕ್ಕಾ, ಆಕಿ ಸೇಬು ಬೆಳಿಯಂಗಿಲ್ಲ. ಮೀನಿನ ಮರಿ ಮಾಡ್ತಾಳ" ಅಂದರು.

ಅವರು ಮನೆಯ ವಾಟ್ಸ್ಯಾಪ್ ಗುಂಪಿಗೆ ನೀನು ಕಳಿಸಿದ್ದ ವಿಡಿಯೊ ತೆಗೆದು ಎಲ್ಲರಿಗೂ ತೋರಿಸಿದರು. ನೀನು ತಾಯಿಮೀನಿನ ಹೊಟ್ಟೆ ಮೆಲ್ಲಗೆ ಸವರಿ ಮೊಟ್ಟೆ ಇಳಿಸಿಕೊಂಡು ತಾಯಿಯನ್ನು ಮತ್ತೆ ನೀರಿಗೆ ಬಿಡುತ್ತೀಯಲ್ಲ, ಅದು. ಕಿತ್ತಳೆ ಬಣ್ಣದ ಮೊಟ್ಟೆಯೊಳಗಿನ ಎರಡು ಕಪ್ಪು ಚುಕ್ಕೆ ಕಣ್ಣುಗಳೆಂದು, ನೀರು ಸ್ವಲ್ಪ ಬೆಚ್ಚಗಾದರೂ ಮರಿ ಉಳಿಯುವುದಿಲ್ಲವೆಂದು ಅವರೇ ವಿವರಿಸಿದರು. ಎಷ್ಟು ಸಲ ನೋಡಿದ್ದರೋ! ಕೊಲ್ಲುವುದಿಲ್ಲವೇ ಎಂದು ಶಂಕ್ರಮ್ಮ ಕೇಳಿದರು.

"ದೊಡ್ಡವಾದ ಮ್ಯಾಲ ತಿನ್ನೋರು ತಿಂತಾರ, ಅದೂ ಖರೆ. ನನ್ನ ಮಗಳ ಕೆಲಸ ಅದ, ಮುಚ್ಚಿಡೂದೇನದ?"

ಕೊನೆಗೆ ಶಂಕ್ರಮ್ಮ, ಆರತಿ ಹಿಡಿಯುವ ಮುಂಚೆ ಆಕೆಗೆ ಚೆನ್ನಾಗಿ ಕೈ ತೊಳೆಸು ಎಂದರು. ಅಷ್ಟಕ್ಕೇ ಮುಗಿಯಿತು. ಬಾ ಮಗಳೇ, ಅಣ್ಣನಿಗೆ ಆರತಿ ಎತ್ತಲು ಇನ್ನಾರಿದ್ದಾರೆ?

ನಿನ್ನ ದಾರಿ ಕಾಯುವ ಅವ್ವ,
ವಿದ್ಯಾವತಿ

ತಾ.ಕ.: ಪತ್ರ ಮಡಚಲು ಕೈ ಬರಲಿಲ್ಲ. ಮುಚ್ಚಿಡು ಎಂದು ನಿನ್ನ ಅಪ್ಪ ಒಂದು ದಿನವೂ ಹೇಳಿರಲಿಲ್ಲ. ನಾಚಿಕೆ ನನ್ನದು, ಹೆಸರು ಅವರದು ಮಾಡಿದೆ. ನೀನು ಮಾತು ಬಿಟ್ಟದ್ದೇಕೆಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಬೇಕಾದರೆ ನನ್ನೊಡನೆ ಮಾತು ಬಿಡು, ಅವರಿಗೆ ಫೋನು ಮಾಡು.